ಚೆಟ್ರಿಯ ಸಾಲಿನಲ್ಲಿ ಅಹ್ಮದ್ ಖಾನ್‌ಗೆ ಜಾಗವಿದೆಯೇ? ಭಾರತದ ಫುಟ್‌ಬಾಲ್‌ಗೊಂದು ಹತ್ತು ಹೆಸರುಗಳ ಹಾಲ್ ಆಫ್ ಫೇಮ್

ಹಲಸೂರಿನ ಪ್ರೇಕ್ಷಕ:

ಏಷ್ಯಾ ಫುಟ್‌ಬಾಲ್ ಒಕ್ಕೂಟವು (ಎಎಫ್‌ಸಿ) ತನ್ನ ಅರವತ್ತನೆಯ ವರ್ಷದ ನೆನಪಿಗೆ 2014ರಲ್ಲಿ ಶ್ರೇಷ್ಠ ಆಟಗಾರರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಆರಂಭಿಸಿ, ಇಡೀ ಖಂಡದಿಂದ ಮೊದಲ ಹತ್ತು ಮಂದಿಯನ್ನು ಆರಿಸಿದಾಗ ಅದರಲ್ಲಿ ಭಾರತದ ಹೆಸರು ಒಂದೇ ಇತ್ತು: ಬೈಚುಂಗ್ ಭುಟಿಯಾ. ಬೈಚುಂಗ್ ಆ ಗೌರವಕ್ಕೆ ಅರ್ಹರೆಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ 1951ರಲ್ಲಿ ದೆಹಲಿಯಲ್ಲಿಯೂ 1962ರಲ್ಲಿ ಜಕಾರ್ತದಲ್ಲಿಯೂ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೇರಿದ ದೇಶದಿಂದ, ಆ ಕಾಲದ ಒಬ್ಬ ಆಟಗಾರನೂ ಆ ಹತ್ತರಲ್ಲಿ ಇರಲಿಲ್ಲವೆಂಬುದು ನನ್ನನ್ನು ಇಂದಿಗೂ ಕೊರೆಯುತ್ತದೆ.

ಆದ್ದರಿಂದ ನಾವೇ ಒಂದು ಪಟ್ಟಿ ಮಾಡೋಣವೆಂದು ಕೇಳಿಕೊಳ್ಳುತ್ತಿದ್ದೇನೆ. ಸ್ವಾತಂತ್ರ್ಯದ ನಂತರ ಭಾರತಕ್ಕಾಗಿ ಆಡಿದವರು ಮಾತ್ರ ಇರಲಿ. 1911ರಲ್ಲಿ ಬ್ರಿಟಿಷ್ ಪಡೆಯ ತಂಡವನ್ನು ಸೋಲಿಸಿ ಕೋಲ್ಕತ್ತದ ಐಎಫ್‌ಎ ಶೀಲ್ಡ್ ಕೂಟ ಗೆದ್ದ ಮೋಹನ್ ಬಾಗಾನ್ ಕ್ಲಬ್ಬಿನ ಶಿಬ್‌ದಾಸ್ ಭಾದುರಿಯವರನ್ನಾಗಲಿ, ಗೋಷ್ಠ ಪಾಲ್ ಅವರನ್ನಾಗಲಿ ಇಲ್ಲಿಗೆ ತಂದರೆ ಚರ್ಚೆ ಮುಗಿಯುವುದೇ ಇಲ್ಲ. ಹತ್ತಕ್ಕಿಂತ ಹೆಚ್ಚು ಹೆಸರು ಬೇಡ. ನನ್ನ ಹತ್ತು ಮಂದಿ ಇವರು: ಶೈಲೇನ್ ಮನ್ನಾ, ಅಹ್ಮದ್ ಖಾನ್, ಎಸ್. ರಾಮನ್, ಪೀಟರ್ ತಂಗರಾಜ್, ಜರ್ನೈಲ್ ಸಿಂಗ್, ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಮತ್ತು ಸುನಿಲ್ ಚೆಟ್ರಿ. ಯಾರನ್ನಾದರೂ ಸೇರಿಸಬೇಕೆನ್ನುವವರು ಯಾರನ್ನು ತೆಗೆಯಬೇಕೆಂಬುದನ್ನೂ ದಯವಿಟ್ಟು ಹೇಳಬೇಕು.

ನೀಲಿ ಗ್ಯಾಲರಿ:

ಸರ್, ನಿಮ್ಮ ಪಟ್ಟಿಯನ್ನು ಗೌರವದಿಂದಲೇ ಓದಿದೆ. ಆದರೆ ಚೆಟ್ರಿಯವರ ಹೆಸರನ್ನು ಕಟ್ಟಕಡೆಗೆ ಇಟ್ಟಿರುವುದು ವರುಷಗಳ ಕ್ರಮಕ್ಕಾಗಿಯೇ ಹೊರತು ಯೋಗ್ಯತೆಯ ಕ್ರಮಕ್ಕಾಗಿ ಅಲ್ಲವೆಂದು ಭಾವಿಸಿಕೊಂಡಿದ್ದೇನೆ. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರು ಆಡಿ ಅವರು ವಿದಾಯ ಹೇಳಿದಾಗ ದೇಶಕ್ಕಾಗಿ ಹೊಡೆದ ಗೋಲುಗಳು 94 ಆಗಿದ್ದವು. ಆಗ ಆಡುತ್ತಿದ್ದವರ ಪೈಕಿ ಅವರಿಗಿಂತ ಮುಂದೆ ಇದ್ದವರು ರೊನಾಲ್ಡೊ ಮತ್ತು ಮೆಸ್ಸಿ ಮಾತ್ರ. ಮರುವರ್ಷ ತಂಡ ಕರೆದಾಗ ಮತ್ತೆ ಬಂದು ಆಡಿದರು. ನಾನು ಕಂಠೀರವ ಕ್ರೀಡಾಂಗಣದ ಗ್ಯಾಲರಿಯಲ್ಲಿ ನಿಂತು ಅವರನ್ನು ನೋಡುತ್ತಾ ಬೆಳೆದವನು. 2013ರಲ್ಲಿ ಬೆಂಗಳೂರು ಎಫ್‌ಸಿ ಆರಂಭವಾದಾಗಲೇ ಬಂದ ಅವರು ಮೊದಲ ಋತುವಿನಲ್ಲಿಯೇ ಆಗ ದೇಶದ ಅಗ್ರ ಲೀಗಾಗಿದ್ದ ಐ-ಲೀಗ್ ಗೆಲ್ಲಿಸಿದರು, 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬಿನ ನಾಯಕರಾದರು. 2023ರಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿಯಲ್ಲಿ ಇದೇ ಅಂಗಳದಲ್ಲಿ, ಮಳೆಯಲ್ಲಿ ನೆನೆಯುತ್ತಾ, ಪಾಕಿಸ್ತಾನದ ಎದುರು ಅವರು ಹೊಡೆದ ಹ್ಯಾಟ್ರಿಕ್‌ಅನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಹ್ಮದ್ ಖಾನ್ ಮತ್ತು ರಾಮನ್ ಇಬ್ಬರೂ ನಮ್ಮ ಬೆಂಗಳೂರಿನವರು. ಹತ್ತರಲ್ಲಿ ಇಬ್ಬರು ನಮ್ಮೂರಿನವರೇ ಆಗಿರುವುದು ಊರಿನ ಅಭಿಮಾನದಿಂದಲೋ ಅಥವಾ ಅವರ ಆಟದ ಬಲದಿಂದಲೋ ಎಂಬುದನ್ನು ನನ್ನಂಥ ಕಿರಿಯರಿಗೆ ತಿಳಿಸಿಕೊಡಿ. ಇಬ್ಬರ ಆಟದ ಒಂದು ನಿಮಿಷದ ದೃಶ್ಯವನ್ನೂ ನಾನು ನೋಡಿಲ್ಲ.

ಲೆಕ್ಕದ ಪುಸ್ತಕ:

ನೀಲಿ ಗ್ಯಾಲರಿಯವರ ಕೊನೆಯ ಪ್ರಶ್ನೆಯನ್ನೇ ನಾನು ಇನ್ನಷ್ಟು ನೇರವಾಗಿ ಕೇಳುತ್ತೇನೆ. ಅಹ್ಮದ್ ಖಾನ್ ಎರಡು ಒಲಿಂಪಿಕ್ಸ್ ಆಡಿದರು ಎಂಬುದು ಕೇಳಲು ದೊಡ್ಡದಾಗಿದೆ. ಆದರೆ 1948ರ ಲಂಡನ್‌ನಲ್ಲಿ ಭಾರತ ಆಡಿದ್ದು ಒಂದೇ ಪಂದ್ಯ, ಫ್ರಾನ್ಸ್ ಎದುರು 1–2ರ ಸೋಲು. 1952ರ ಹೆಲ್ಸಿಂಕಿಯಲ್ಲಿ ಮತ್ತೆ ಒಂದೇ ಪಂದ್ಯ, ಯುಗೊಸ್ಲಾವಿಯಾ ಎದುರು 1–10ರ ಸೋಲು. ಆ ಒಂದು ಗೋಲು ಅಹ್ಮದ್ ಖಾನ್ ಅವರದು. ಹತ್ತು ಗೋಲು ಬಿಟ್ಟುಕೊಟ್ಟ ಪಂದ್ಯದ ಸಮಾಧಾನದ ಗೋಲೊಂದನ್ನು ಮುಂದಿಟ್ಟುಕೊಂಡು ಒಬ್ಬ ಆಟಗಾರನನ್ನು 94 ಗೋಲುಗಳ ಆಟಗಾರನ ಪಕ್ಕದಲ್ಲಿ ನಿಲ್ಲಿಸುವುದಕ್ಕೆ ಇನ್ನೂ ಗಟ್ಟಿಯಾದ ಆಧಾರ ಬೇಕು. ರಾಮನ್ ಅವರ ವಿಷಯದಲ್ಲಿ ನನ್ನ ಆಕ್ಷೇಪ ಇನ್ನೂ ಬಲವಾದದ್ದು. ಫ್ರಾನ್ಸ್ ಎದುರು ಅವರು ಹೊಡೆದದ್ದು ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು, ಅದು ಚರಿತ್ರೆಯಲ್ಲಿ ಉಳಿಯಬೇಕು, ಉಳಿಯುತ್ತದೆ. ಆದರೆ ಒಂದು ಚಾರಿತ್ರಿಕ ಗೋಲನ್ನು ಗೌರವಿಸುವುದೂ ಒಂದು ಇಡೀ ವೃತ್ತಿಜೀವನವನ್ನು ಗೌರವಿಸುವುದೂ ಬೇರೆ ಬೇರೆ.

ಅಷ್ಟಕ್ಕೂ ತುಳಸಿದಾಸ್ ಬಲರಾಮ್ ಇಲ್ಲದ ಪಟ್ಟಿಯಲ್ಲಿ ರಾಮನ್ ಹೇಗೆ ಬಂದರು? ಈ ಒಂದು ವಿಚಾರಕ್ಕಾದರೂ ಪಟ್ಟಿಯನ್ನು ತಿದ್ದಲೇಬೇಕು.

ಹಲಸೂರಿನ ಪ್ರೇಕ್ಷಕ:

ರಾಮನ್ ಕುರಿತ ಮಾತಿಗೆ ಆಮೇಲೆ ಬರುತ್ತೇನೆ. ಅಹ್ಮದ್ ಖಾನ್ ಅವರ ಬಗ್ಗೆ ಮಾತ್ರ ಸ್ವಲ್ಪ ದೀರ್ಘವಾಗಿಯೇ ಬರೆಯಬೇಕು, ಏಕೆಂದರೆ ಲೆಕ್ಕದ ಪುಸ್ತಕದವರು ಕೊಟ್ಟ ಲೆಕ್ಕ ಸರಿಯಾಗಿದ್ದರೂ ಅದರಿಂದ ತೆಗೆದ ತೀರ್ಮಾನವನ್ನು ನಾನು ಒಪ್ಪಲಾರೆ.

ನಾಲ್ಕು ವರ್ಷಗಳ ಅಂತರದಲ್ಲಿ ಎರಡು ಒಲಿಂಪಿಕ್ ಪಂದ್ಯ. ಈ ಮಾತು ಅಹ್ಮದ್ ಖಾನ್ ಅವರ ಮಿತಿಯನ್ನು ಹೇಳುವುದಿಲ್ಲ, ಆ ಕಾಲದ ಮಿತಿಯನ್ನು ಹೇಳುತ್ತದೆ. ಆಗ ರಾಷ್ಟ್ರೀಯ ತಂಡವೆಂಬುದು ಹಡಗು ಹತ್ತುವ ಕಾಲಕ್ಕೆ ಕೂಡಿಬರುತ್ತಿದ್ದ, ಕೂಟ ಮುಗಿದೊಡನೆ ಚದುರುತ್ತಿದ್ದ ತಂಡ. 1950ರ ವಿಶ್ವಕಪ್‌ಗೆ ಸ್ಥಾನ ಸಿಕ್ಕಿದ್ದರೂ ಭಾರತ ಬ್ರೆಜಿಲ್‌ಗೆ ಹೋಗಲಿಲ್ಲ. ಅಹ್ಮದ್ ಖಾನ್ ಆಗ ತಮ್ಮ ಆಟದ ಉತ್ತುಂಗದಲ್ಲಿದ್ದರು. ಆ ತಂಡ ಹೋಗಿದ್ದರೆ ಅವರ ಹೆಸರಿನ ಮುಂದೆ ಏನೇನು ಬರೆದಿರುತ್ತಿತ್ತೋ ನಮಗೆ ಗೊತ್ತಾಗದಂತೆಯೇ ಉಳಿಯಿತು. ಹಾಗಾಗಿ ಅವರನ್ನು ಅಳೆಯಬೇಕಾದದ್ದು ಅವರು ವಾರವಾರವೂ ಆಡಿದ ಕಣದಲ್ಲಿ. 1949ರಿಂದ ಸುಮಾರು ಒಂದು ದಶಕ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇ – ಈ ಐವರ ಮುಂಚೂಣಿಯನ್ನು ಬಂಗಾಳದ ಜನ ಪಂಚ ಪಾಂಡವರೆಂದು ಕರೆದರು. 1949, 1950, 1951 – ಮೂರು ವರ್ಷ ಸತತವಾಗಿ ಐಎಫ್‌ಎ ಶೀಲ್ಡ್ ಈಸ್ಟ್ ಬೆಂಗಾಲ್‌ನ ಪಾಲಾಯಿತು. 1953ರಲ್ಲಿ ಆ ಕ್ಲಬ್ಬು ರುಮೇನಿಯಾ ಮತ್ತು ಸೋವಿಯತ್ ಒಕ್ಕೂಟದ ಪ್ರವಾಸಕ್ಕೆ ಹೋಗಿ ಬಂತು. 1951ರ ಏಷ್ಯನ್ ಕ್ರೀಡಾಕೂಟದ ಚಿನ್ನದ ತಂಡದಲ್ಲಿಯೂ ಅಹ್ಮದ್ ಖಾನ್ ಇದ್ದರು. ಚೆಂಡನ್ನು ಪಾದದಲ್ಲಿ ಇಟ್ಟುಕೊಂಡು ಎದುರಾಳಿಯನ್ನು ತನ್ನತ್ತ ಸೆಳೆದು, ಅವನು ಕಾಲು ಚಾಚಿದ ಕ್ಷಣದಲ್ಲಿ ಚೆಂಡನ್ನು ಆಚೆ ಜಾರಿಸುತ್ತಿದ್ದ ಅವರ ರೀತಿಯನ್ನು ಕಂಡು ಜನ ಅವರಿಗೆ ಹಾವಾಡಿಗನೆಂದು ಹೆಸರಿಟ್ಟಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ಇದನ್ನೆಲ್ಲ ಅವರು ಕಲಿತದ್ದು ಬರಿಗಾಲಿನಲ್ಲಿ.

ನನ್ನ ತಂದೆಯವರು ಅವರ ಆಟವನ್ನು ಬೆಂಗಳೂರಿನಲ್ಲಿಯೇ ನೋಡಿದ್ದರು. ಅಹ್ಮದ್ ಖಾನ್ ಗೋಲು ಹೊಡೆದದ್ದನ್ನು ಅವರು ಒಮ್ಮೆಯೂ ವರ್ಣಿಸಿದ್ದಿಲ್ಲ. ಇತರರು ಗೋಲು ಹೊಡೆಯುವುದಕ್ಕೆ ಅವರು ಚೆಂಡು ಕೊಟ್ಟ ಬಗೆಯನ್ನೇ ವರ್ಣಿಸುತ್ತಿದ್ದರು. ಆ ಕಾಲದ ಸ್ಕೋರುಪಟ್ಟಿಯಲ್ಲಿ ಪಾಸ್ ಕೊಟ್ಟವನ ಹೆಸರಿಗೆ ಅಂಕಣವೇ ಇರಲಿಲ್ಲ.

ಕೋಲ್ಕತ್ತದ ಕನ್ನಡಿಗ:

ಇಪ್ಪತ್ತೆರಡು ವರ್ಷಗಳಿಂದ ಈ ಊರಿನಲ್ಲಿದ್ದೇನೆ, ಆದ್ದರಿಂದ ಅಹ್ಮದ್ ಖಾನ್ ಬಗ್ಗೆ ಒಂದು ಸಾಕ್ಷಿ ನನ್ನಿಂದಲೂ ಇರಲಿ. ನಾನು ಬೆಂಗಳೂರಿನವನೆಂದು ತಿಳಿದ ಕೂಡಲೇ ಈಸ್ಟ್ ಬೆಂಗಾಲ್‌ನ ಹಿರಿಯ ಅಭಿಮಾನಿಗಳು ಮೊದಲು ಕೇಳುತ್ತಿದ್ದದ್ದು ಅಹ್ಮದ್ ಖಾನ್ ಹೇಗಿದ್ದಾರೆ ಎಂದು. 2017ರ ಆಗಸ್ಟ್‌ನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡಾಗ ಇಲ್ಲಿನ ನನ್ನ ನೆರೆಯವರೊಬ್ಬರು ತಮ್ಮ ಮನೆಯವರನ್ನೇ ಕಳೆದುಕೊಂಡವರಂತೆ ನನ್ನ ಬಳಿ ಬಂದು ಕೂತಿದ್ದರು.

ಆದರೆ ಬಲರಾಮ್ ವಿಷಯದಲ್ಲಿ ಲೆಕ್ಕದ ಪುಸ್ತಕದವರ ಮಾತಿಗೆ ನನ್ನ ಪೂರ್ಣ ಬೆಂಬಲವಿದೆ. ಪಿ.ಕೆ., ಚುನಿ, ಬಲರಾಮ್ ಎಂಬ ಮೂರು ಹೆಸರುಗಳನ್ನು ಇಲ್ಲಿ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಮೂವರಲ್ಲಿ ಒಬ್ಬರನ್ನು ಬಿಟ್ಟರೆ ಉಳಿದಿಬ್ಬರ ಆಟವೂ ಅರ್ಥವಾಗುವುದಿಲ್ಲ. ಬಲಭಾಗದಲ್ಲಿ ಪಿ.ಕೆ. ಓಡಿ ಬಂದು ಬಲವಾಗಿ ಹೊಡೆಯುತ್ತಿದ್ದರು, ನಡುವೆ ಚುನಿ ಚೆಂಡನ್ನು ತಮ್ಮ ವಶದಲ್ಲಿ ಇಟ್ಟುಕೊಳ್ಳುತ್ತಿದ್ದರು, ಎಡಭಾಗದಿಂದಲೂ ನಡುವಿನಿಂದಲೂ ಹಿಂದಿನಿಂದಲೂ ಎಲ್ಲಿ ಬೇಕೋ ಅಲ್ಲಿ ಇರುತ್ತಿದ್ದವರು ಬಲರಾಮ್. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಹಂಗೆರಿ ಭಾರತವನ್ನು ಸೋಲಿಸಿದ್ದು 2–1ರಿಂದ ಮಾತ್ರ, ಭಾರತದ ಆ ಗೋಲು ಬಲರಾಮ್ ಅವರದು. ಅದೇ ಕೂಟದಲ್ಲಿ ನಾಯಕ ಪಿ.ಕೆ.ಯವರ ಗೋಲಿನಿಂದ ಫ್ರಾನ್ಸ್ ಎದುರು 1–1ರ ಸಮಬಲ ಸಿಕ್ಕಿತು. ಹೆಲ್ಸಿಂಕಿಯ ಹತ್ತು ಗೋಲಿನ ಸೋಲು ಆಗಿ ಎಂಟೇ ವರ್ಷವಾಗಿತ್ತು ಎಂಬುದನ್ನು ನೆನಪಿಡಬೇಕು. ಸಿಕಂದರಾಬಾದ್ ಬಳಿಯ ಅಮ್ಮುಗುಡದ ಬಡ ಮನೆಯಿಂದ ಬಂದ ಬಲರಾಮ್ ಅನಾರೋಗ್ಯದಿಂದಾಗಿ ಇಪ್ಪತ್ತೇಳರ ಹೊತ್ತಿಗೇ ಆಟ ನಿಲ್ಲಿಸಬೇಕಾಯಿತು. ಪಿ.ಕೆ., ಚುನಿ ಇಬ್ಬರಿಗೂ ಪದ್ಮಶ್ರೀ ಬಂತು. ಬಲರಾಮ್ ಅವರಿಗೆ 1962ರ ಅರ್ಜುನ ಪ್ರಶಸ್ತಿಯ ನಂತರ, 2023ರ ಫೆಬ್ರುವರಿಯಲ್ಲಿ ತೀರಿಕೊಳ್ಳುವವರೆಗೂ ಅಂಥ ಗೌರವ ಸಿಗಲಿಲ್ಲ. ಸರ್ಕಾರ ಬಿಟ್ಟ ಹೆಸರನ್ನು ನಾವೂ ಬಿಡಬಾರದು.

ಇನ್ನೊಂದು ಹೆಸರನ್ನು ನೆನಪಿಸಲೇಬೇಕು: ನೆವಿಲ್ ಡಿಸೋಜಾ. 1956ರ ಡಿಸೆಂಬರ್ 1ರಂದು ಮೆಲ್ಬರ್ನ್‌ನಲ್ಲಿ ಆತಿಥೇಯ ಆಸ್ಟ್ರೇಲಿಯಾವನ್ನು ಭಾರತ 4–2ರಿಂದ ಸೋಲಿಸಿದಾಗ ಮೂರು ಗೋಲು ಅವರದು, ಒಲಿಂಪಿಕ್ಸ್‌ನಲ್ಲಿ ಏಷ್ಯಾದವರೊಬ್ಬರ ಮೊದಲ ಹ್ಯಾಟ್ರಿಕ್. ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯಾ ಎದುರು ಮೊದಲ ಗೋಲನ್ನೂ ಅವರೇ ಹೊಡೆದರು, ಆಮೇಲೆ ಭಾರತ 1–4ರಿಂದ ಸೋತಿತು. ಆ ಕೂಟದಲ್ಲಿ ಅತಿ ಹೆಚ್ಚು ಗೋಲು ಹೊಡೆದವರ ಸಾಲಿನಲ್ಲಿ ಅವರ ಹೆಸರಿದೆ. ಅವರು ಮುಂಬಯಿಯಲ್ಲಿ ಟಾಟಾ ತಂಡಕ್ಕೆ ಆಡುತ್ತಿದ್ದವರು. ನಾನಿರುವ ಊರಿನ ಬಗ್ಗೆ ಇದನ್ನು ಹೇಳಲು ಬೇಸರವಾಗುತ್ತದೆಯಾದರೂ ಹೇಳುತ್ತೇನೆ: ಕೋಲ್ಕತ್ತದ ದೊಡ್ಡ ಕ್ಲಬ್ಬುಗಳಲ್ಲಿ ಬಹುಕಾಲ ಆಡದವರ ನೆನಪನ್ನು ಈ ದೇಶದ ಫುಟ್‌ಬಾಲ್ ಸರಿಯಾಗಿ ಕಾಪಾಡಿಲ್ಲ.

ನೀಲಿ ಗ್ಯಾಲರಿ:

ನೆವಿಲ್ ಡಿಸೋಜಾ ಅವರ ಹೆಸರನ್ನು ನಾನು ಇಂದೇ ಮೊದಲ ಸಲ ಕೇಳಿದೆ, ಈ ಆಟವನ್ನು ಇಷ್ಟು ಪ್ರೀತಿಸುವವನಾಗಿ ಅದಕ್ಕೆ ನನಗೆ ನಾಚಿಕೆಯಾಗುತ್ತಿದೆ. ಆದರೂ ಒಂದು ಪ್ರಶ್ನೆ. ಒಂದು ಕೂಟದಲ್ಲಿ ಬೆಳಗಿದವರಿಗೆ ಸ್ಥಾನ ಕೊಡುವುದಾದರೆ ರಾಮನ್ ಅವರನ್ನು ಏಕೆ ತೆಗೆಯಬೇಕು?

ಲೆಕ್ಕದ ಪುಸ್ತಕ:

ಪ್ರಶ್ನೆ ನ್ಯಾಯವಾದದ್ದು, ಅದಕ್ಕಾಗಿಯೇ ನಾನು ನೆವಿಲ್ ಪರವಾಗಿ ವಾದಿಸುತ್ತಿಲ್ಲ. ಹಲಸೂರಿನ ಪ್ರೇಕ್ಷಕರ ಉತ್ತರವನ್ನು ಎರಡು ಸಲ ಓದಿದೆ. ಅಹ್ಮದ್ ಖಾನ್ ವಿಷಯದಲ್ಲಿ ನನ್ನ ಆಕ್ಷೇಪವನ್ನು ಹಿಂದಕ್ಕೆ ಪಡೆಯುತ್ತೇನೆ. ಹತ್ತು ವರ್ಷ ಅಂದಿನ ದೇಶದ ಅತಿ ಕಠಿಣ ಕಣದಲ್ಲಿ ಆಡಿ ತಂಡದ ಆಟದ ರೀತಿಯನ್ನೇ ನಿರ್ಧರಿಸಿದವರನ್ನು ಎರಡು ಪಂದ್ಯಗಳಿಂದ ಅಳೆದದ್ದು ನನ್ನ ತಪ್ಪು. ಆದರೆ ಇದೇ ಅಳತೆಯನ್ನು ಎಲ್ಲರಿಗೂ ಅನ್ವಯಿಸಬೇಕು. ತನ್ನ ಕಾಲದಲ್ಲಿ ಏಷ್ಯಾದ ಬಲಿಷ್ಠರ ಎದುರು ಆಟಗಾರ ಹೇಗೆ ಆಡಿದ, ಎಷ್ಟು ವರ್ಷ ಆ ಎತ್ತರದಲ್ಲಿ ಉಳಿದ – ಈ ಎರಡನ್ನು ಕೇಳಿದರೆ ನನಗೆ ಕಷ್ಟವಾಗುವುದು ತೊಂಬತ್ತರ ದಶಕದ ಹೆಸರುಗಳ ವಿಷಯದಲ್ಲಿ. 1984ರಿಂದ 2011ರವರೆಗೆ ಭಾರತ ಒಮ್ಮೆಯೂ ಏಷ್ಯಾ ಕಪ್‌ನ ಮುಖ್ಯ ಹಂತಕ್ಕೆ ಹೋಗಲಿಲ್ಲ. ವಿಜಯನ್ ಅವರ ಇಡೀ ವೃತ್ತಿಜೀವನ ಈ ಕಂದಕದೊಳಗೆ ಬರುತ್ತದೆ. ಬೈಚುಂಗ್ ಕನಿಷ್ಠ 2011ರಲ್ಲಿ, ಗಾಯದ ನಡುವೆಯೂ, ದಕ್ಷಿಣ ಕೊರಿಯಾ ಎದುರು ಕೊಂಚ ಹೊತ್ತು ಅಂಗಳಕ್ಕಿಳಿದರು. ಅದಕ್ಕೂ ಮೊದಲು 2003ರಲ್ಲಿ ಜಕಾರ್ತದಲ್ಲಿ ಈಸ್ಟ್ ಬೆಂಗಾಲ್ ಆಸಿಯಾನ್ ಕ್ಲಬ್ ಕೂಟ ಗೆದ್ದಾಗ ಒಂಬತ್ತು ಗೋಲು ಹೊಡೆದವರು ಅವರು. 1999ರಲ್ಲಿ ಇಂಗ್ಲೆಂಡಿನ ಬರಿ ಕ್ಲಬ್ಬಿಗೆ ಹೋದರು. ವಿಜಯನ್ ಪರವಾಗಿ ಇಂಥದ್ದೇನಾದರೂ ಇದೆಯೇ? 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ತಂಡದ ನಾಯಕ ಸೈಯದ್ ನಯೀಮುದ್ದೀನ್ ಅಥವಾ ಅದೇ ತಂಡದ ಮೊಹಮ್ಮದ್ ಹಬೀಬ್ ಅವರನ್ನು ಬಿಟ್ಟು ವಿಜಯನ್ ಅವರನ್ನು ಏಕೆ ತೆಗೆದುಕೊಳ್ಳಬೇಕು?

ಕಾಸರಗೋಡಿನ ಓದುಗ:

ವಿಜಯನ್ ಅವರ ಆಟವನ್ನು ಮಡಿಲಲ್ಲಿ ಕೂತು ನೋಡಿದ ತಲೆಮಾರು ನಮ್ಮದು, ಆದ್ದರಿಂದ ಈ ಪ್ರಶ್ನೆಗೆ ಉತ್ತರಿಸುವ ಹೊಣೆ ನನ್ನದು.

ತ್ರಿಶೂರಿನ ಕ್ರೀಡಾಂಗಣದಲ್ಲಿ ಸೋಡಾ ಮಾರುತ್ತಿದ್ದ ಹುಡುಗನನ್ನು ಕೇರಳ ಪೊಲೀಸ್ ತಂಡ ಸೇರಿಸಿಕೊಂಡಿತು. 1990ರಲ್ಲಿ ಆ ತಂಡ ಕ್ಲಬ್ಬುಗಳ ರಾಷ್ಟ್ರೀಯ ಕೂಟವಾದ ಫೆಡರೇಷನ್ ಕಪ್ ಗೆದ್ದಾಗ, ಕೋಲ್ಕತ್ತ ಮತ್ತು ಗೋವಾದ ಕ್ಲಬ್ಬುಗಳಾಚೆಗೆ ಒಂದು ಇಲಾಖೆಯ ತಂಡವೂ ದೇಶವನ್ನು ಗೆಲ್ಲಬಹುದೆಂದು ಮಲಬಾರಿನಿಂದ ಕಾಸರಗೋಡಿನವರೆಗೆ ಮನೆಮನೆಗೂ ತಿಳಿಯಿತು. 1993, 1997, 1999 – ಮೂರು ಬಾರಿ ಅವರು ವರ್ಷದ ಭಾರತೀಯ ಆಟಗಾರರಾದರು. ಮೊದಲ ರಾಷ್ಟ್ರೀಯ ಲೀಗನ್ನು 1997ರಲ್ಲಿ ಪಂಜಾಬಿನ ಜೆಸಿಟಿ ಗೆದ್ದಾಗ ವಿಜಯನ್, ಬೈಚುಂಗ್ ಮತ್ತು ನಿಮ್ಮ ಬೆಂಗಳೂರಿನ ಕಾರ್ಲ್ಟನ್ ಚಾಪ್‌ಮನ್ ಒಂದೇ ತಂಡದಲ್ಲಿದ್ದರು. ರಾಷ್ಟ್ರೀಯ ತಂಡ ದುರ್ಬಲವಾಗಿದ್ದದ್ದು ನಿಜ. ಆದರೆ ಅಹ್ಮದ್ ಖಾನ್ ಅವರಿಗೆ ಕಾಲದ ಮಿತಿಯನ್ನು ಮನ್ನಿಸುವ ನಾವು ವಿಜಯನ್ ಅವರಿಗೆ ಅದನ್ನೇ ಏಕೆ ಮನ್ನಿಸಬಾರದು? ಒಬ್ಬರ ಕಾಲದಲ್ಲಿ ಪಂದ್ಯಗಳೇ ಇರಲಿಲ್ಲ, ಇನ್ನೊಬ್ಬರ ಕಾಲದಲ್ಲಿ ಪಂದ್ಯಗಳಿದ್ದರೂ ಅವುಗಳಿಗೆ ತಂಡವನ್ನು ಸಿದ್ಧಪಡಿಸುವ ವ್ಯವಸ್ಥೆ ಇರಲಿಲ್ಲ. ಹಬೀಬ್ ಅವರನ್ನು ನಾನೂ ಗೌರವಿಸುತ್ತೇನೆ. 1977ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಪೆಲೆ ಆಡಿದ ನ್ಯೂಯಾರ್ಕ್‌ನ ಕಾಸ್ಮಾಸ್ ತಂಡವನ್ನು ಮೋಹನ್ ಬಾಗಾನ್ 2–2ರಲ್ಲಿ ತಡೆದಾಗ ಒಂದು ಗೋಲು ಹಬೀಬ್ ಅವರದು. ಆದರೆ ವಿಜಯನ್ ಅವರನ್ನು ಮೀರಿಸಲು ಅದು ಸಾಲದು.

ಹತ್ತನೇ ನಂಬರ್ ಅಂಗಿ:

ಇಷ್ಟು ಹೆಸರುಗಳು ಬಂದವು, ಇಷ್ಟು ಅಳತೆಗೋಲುಗಳು ಬಂದವು, ಆದರೂ ಒಬ್ಬ ಮಹಿಳೆಯ ಹೆಸರನ್ನೂ ಯಾರೂ ಎತ್ತಲಿಲ್ಲ. ಏಷ್ಯಾ ಒಕ್ಕೂಟದ 2014ರ ಹತ್ತರಲ್ಲಿ ಚೀನಾದ ಸುನ್ ವೆನ್ ಮತ್ತು ಜಪಾನಿನ ಹೊಮಾರೆ ಸಾವಾ ಇದ್ದರು. ಅವರನ್ನು ನೋಡಿದ ಮೇಲೂ ನಮ್ಮ ಪಟ್ಟಿ ಹೀಗಿರುವುದು ನನಗೆ ನೋವು ತಂದಿದೆ. ಕಾಲದ ಮಿತಿಯ ಬಗ್ಗೆ ಮಾತನಾಡುವವರು ಇದನ್ನೂ ಕೇಳಬೇಕು.

ಓಯಿನಾಮ್ ಬೆಂಬೆಂ ದೇವಿ 1995ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಭಾರತಕ್ಕೆ ಆಡಿದರು ಮತ್ತು 2016ರವರೆಗೆ ಆಡಿದರು. ಇಪ್ಪತ್ತೊಂದು ವರ್ಷ. ಆ ಅವಧಿಯಲ್ಲಿ ಮಹಿಳಾ ತಂಡ ಎಷ್ಟೋ ತಿಂಗಳು ಒಂದೂ ಪಂದ್ಯವಿಲ್ಲದೆ ಕಳೆದದ್ದಿದೆ, ರಾಷ್ಟ್ರೀಯ ಮಹಿಳಾ ಲೀಗ್ ಆರಂಭವಾಗುವ ಹೊತ್ತಿಗೆ ಅವರ ವೃತ್ತಿಜೀವನ ಮುಗಿಯುತ್ತಾ ಬಂದಿತ್ತು. 2010 ಮತ್ತು 2016ರ ದಕ್ಷಿಣ ಏಷ್ಯಾ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದರು. ನಡುವೆ ಮಾಲ್ಡೀವ್ಸ್‌ನ ಕ್ಲಬ್ಬಿಗೂ ಹೋಗಿ ಆಡಿ ಬಂದರು. ಮಿಡ್‌ಫೀಲ್ಡ್‌ನಲ್ಲಿ ಅವರು ಚೆಂಡಿಗಾಗಿ ಕಾಯುತ್ತಿರಲಿಲ್ಲ, ರಕ್ಷಣೆಯವರಿಂದ ತಾವೇ ಕೇಳಿ ತೆಗೆದುಕೊಂಡು ಆಟವನ್ನು ಹೊರಡಿಸುತ್ತಿದ್ದರು. ವಿಶ್ವವಿದ್ಯಾಲಯದ ತಂಡದಲ್ಲಿ ಆಡುತ್ತಿದ್ದ ದಿನಗಳಲ್ಲಿ ನಾನು ಅನುಕರಿಸಲು ಹೆಣಗಿದ್ದು ಅದನ್ನೇ. ಅವರಿಗಿಂತ ಮೊದಲು, ಮಹಿಳಾ ಫುಟ್‌ಬಾಲ್ ಇನ್ನೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಅಂಗವಾಗಿರದಿದ್ದ ಕಾಲದಲ್ಲಿ, ಭಾರತದ ಮಹಿಳೆಯರು ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ ಎರಡು ಸಲ ಎರಡನೆಯ ಸ್ಥಾನಕ್ಕೆ ಬಂದಿದ್ದರು. ಆ ತಂಡದ ಶಾಂತಿ ಮಲ್ಲಿಕ್ ಅವರಿಗೆ 1983ರಲ್ಲಿಯೇ ಅರ್ಜುನ ಪ್ರಶಸ್ತಿ ಬಂದಿದೆ. ಲೆಕ್ಕದ ಪುಸ್ತಕದವರು ಕೇಳಿದ ಎರಡೂ ಪ್ರಶ್ನೆಗಳಿಗೆ ಇವರಲ್ಲಿ ಉತ್ತರವಿದೆ.

ಮಹಿಳೆಯರಿಗೆ ಬೇರೆಯೇ ಹತ್ತು ಹೆಸರುಗಳ ಪಟ್ಟಿ ಮಾಡೋಣವೆಂದು ಯಾರಾದರೂ ಸಲಹೆ ಕೊಡುವ ಮೊದಲೇ ಹೇಳುತ್ತೇನೆ: ಬೇರೆ ಪಂಕ್ತಿ ಬೇಡ. ಇದೇ ಹತ್ತರಲ್ಲಿ ಬೆಂಬೆಂ ದೇವಿಯವರಿಗೆ ಸ್ಥಾನ ಬೇಕು. ಯಾರನ್ನು ತೆಗೆಯಬೇಕೆಂದರೆ, ನನ್ನ ಉತ್ತರ ಶೈಲೇನ್ ಮನ್ನಾ.

ಕೋಲ್ಕತ್ತದ ಕನ್ನಡಿಗ:

ಬೆಂಬೆಂ ದೇವಿಯವರು ಬರಲೇಬೇಕು, ಅದನ್ನು ನಾವು ಮೊದಲೇ ಯೋಚಿಸದಿದ್ದದ್ದು ತಪ್ಪು. ಆದರೆ ಮನ್ನಾ ಅವರನ್ನು ಅಷ್ಟು ಸುಲಭವಾಗಿ ಕಳುಹಿಸಿಕೊಡಲಾರೆ. 1951ರಲ್ಲಿ ಸಾಹು ಮೇವಾಲಾಲ್ ಅವರ ಒಂದೇ ಗೋಲಿನಿಂದ ಇರಾನನ್ನು ಸೋಲಿಸಿ ಚಿನ್ನ ಗೆದ್ದ ತಂಡದ ನಾಯಕ ಅವರು. 1948ರಲ್ಲಿ ಫ್ರಾನ್ಸ್ ಎದುರು ಭಾರತ ಎರಡು ಪೆನಾಲ್ಟಿ ಕಳೆದುಕೊಂಡಿತು, ಅದರಲ್ಲಿ ಒಂದು ಮನ್ನಾ ಅವರದು. ಆ ನೋವನ್ನು ಹೊತ್ತವರು ಮೂರು ವರ್ಷದ ಬಳಿಕ ದೇಶಕ್ಕೆ ಫುಟ್‌ಬಾಲ್‌ನ ಮೊದಲ ಚಿನ್ನ ತಂದರೆಂಬುದನ್ನು ಮರೆಯಲಾಗದು. ಆಟಗಾರ ಬದುಕಿನ ಬಹುಭಾಗವನ್ನು ಮೋಹನ್ ಬಾಗಾನ್‌ಗೆ ಕೊಟ್ಟವರು.

ಜರ್ನೈಲ್ ಸಿಂಗ್ ಅವರ ಹೆಸರನ್ನು ಯಾರೂ ಪ್ರಶ್ನಿಸಿಲ್ಲ, ಅದಕ್ಕೆ ಸಂತೋಷವಿದೆ, ಆದರೂ ಕಿರಿಯರಿಗಾಗಿ ಜಕಾರ್ತದ ಕಥೆಯನ್ನು ಹೇಳಿಬಿಡುತ್ತೇನೆ. 1962ರ ಏಷ್ಯನ್ ಕ್ರೀಡಾಕೂಟದ ಮೊದಲ ಪಂದ್ಯದಲ್ಲಿ ಭಾರತ ದಕ್ಷಿಣ ಕೊರಿಯಾಕ್ಕೆ 0–2ರಿಂದ ಸೋತಿತು. ಥಾಯ್ಲೆಂಡ್ ಎದುರಿನ ಪಂದ್ಯದಲ್ಲಿ ಜರ್ನೈಲ್ ಅವರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಇಸ್ರೇಲ್ ಮತ್ತು ತೈವಾನ್‌ಗಳನ್ನು ಕೂಟದಿಂದ ಹೊರಗಿಟ್ಟದ್ದನ್ನು ಭಾರತದ ಕ್ರೀಡಾಧಿಕಾರಿಯೊಬ್ಬರು ಟೀಕಿಸಿದ್ದರಿಂದ ಅಲ್ಲಿನ ಜನ ಭಾರತದ ಮೇಲೆ ಸಿಡಿದೆದ್ದಿದ್ದರು, ಭಾರತೀಯರು ಚೆಂಡು ಮುಟ್ಟಿದರೆ ಇಡೀ ಕ್ರೀಡಾಂಗಣ ಕೂಗುತ್ತಿತ್ತು. ತರಬೇತುದಾರ ಸೈಯದ್ ಅಬ್ದುಲ್ ರಹೀಮ್ ಅವರು ಗಾಯಗೊಂಡ ತಮ್ಮ ಮುಖ್ಯ ರಕ್ಷಣಾ ಆಟಗಾರನನ್ನು ಸೆಮಿಫೈನಲ್ ಮತ್ತು ಫೈನಲ್‌ನಲ್ಲಿ ಮುಂಚೂಣಿಯಲ್ಲಿ ನಿಲ್ಲಿಸಿದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಅದೇ ದಕ್ಷಿಣ ಕೊರಿಯಾವನ್ನು ಭಾರತ 2–1ರಿಂದ ಸೋಲಿಸಿತು. ಒಂದು ಗೋಲು ಪಿ.ಕೆ.ಯವರದು, ಇನ್ನೊಂದು ತಲೆಗೆ ಬ್ಯಾಂಡೇಜ್ ಸುತ್ತಿಕೊಂಡಿದ್ದ ಜರ್ನೈಲ್ ಅವರದು. ಕ್ಯಾನ್ಸರ್ ಪೀಡಿತರಾಗಿದ್ದ ರಹೀಮ್ ಸಾಹೇಬರು ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. ಆ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಅವರೂ ಇದ್ದರೆಂಬುದನ್ನು ನೀಲಿ ಗ್ಯಾಲರಿಯವರು ಗಮನಿಸಬೇಕು. ತರಬೇತುದಾರರಿಗೂ ಸ್ಥಾನವಿದೆಯೆಂದಾದರೆ ರಹೀಮ್ ಅವರ ಹೆಸರನ್ನು ಹತ್ತಕ್ಕೂ ಮೇಲೆ ಬರೆಯಬೇಕೆಂಬುದು ನನ್ನ ಬೇಡಿಕೆ.

ನೀಲಿ ಗ್ಯಾಲರಿ:

ಜಕಾರ್ತದ ಈ ವಿವರ ಓದಿದ ಮೇಲೆ ಯೋಗ್ಯತೆಯ ಕ್ರಮದ ಬಗ್ಗೆ ನಾನಾಡಿದ ಮಾತು ನನಗೇ ಹಗುರವಾಗಿ ಕಾಣುತ್ತಿದೆ. ಚೆಟ್ರಿಯವರ ಪರವಾಗಿ ಆದರೂ ಒಂದು ಮಾತು ಉಳಿದಿದೆ. ಅವರ ಗೋಲುಗಳು ನೇಪಾಳ, ಮಾಲ್ಡೀವ್ಸ್‌ಗಳಂಥ ತಂಡಗಳ ಎದುರಿನವೇ ಹೆಚ್ಚು ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. 2008ರಲ್ಲಿ ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದಲ್ಲಿ ತಜಿಕಿಸ್ತಾನ ಎದುರು ಎಎಫ್‌ಸಿ ಚಾಲೆಂಜ್ ಕಪ್ ಫೈನಲ್‌ನಲ್ಲಿ ಅವರು ಹೊಡೆದ ಹ್ಯಾಟ್ರಿಕ್‌ನಿಂದಲೇ, ಲೆಕ್ಕದ ಪುಸ್ತಕದವರು ಹೇಳಿದ ಆ ಇಪ್ಪತ್ತೇಳು ವರ್ಷಗಳ ಕಂದಕ ಮುಚ್ಚಿ ಭಾರತ 2011ರ ಏಷ್ಯಾ ಕಪ್‌ಗೆ ಹೋಯಿತು. ಅಲ್ಲಿ ಬಹರೇನ್ ಮತ್ತು ದಕ್ಷಿಣ ಕೊರಿಯಾ ಎದುರು ಗೋಲು ಹೊಡೆದರು. 2019ರ ಏಷ್ಯಾ ಕಪ್‌ನಲ್ಲಿ ಥಾಯ್ಲೆಂಡ್‌ ಎದುರಿನ 4–1ರ ಗೆಲುವಿನಲ್ಲಿ ಎರಡು ಗೋಲು ಅವರವು. 2018ರ ಜೂನ್‌ನಲ್ಲಿ ಮುಂಬಯಿಯ ಖಾಲಿ ಗ್ಯಾಲರಿಗಳನ್ನು ಕಂಡು, ನಮ್ಮನ್ನು ಬೈಯಿರಿ, ಆದರೆ ಕ್ರೀಡಾಂಗಣಕ್ಕೆ ಬನ್ನಿ ಎಂದು ಅವರು ಕೈಮುಗಿದು ಕೇಳಿಕೊಂಡದ್ದನ್ನು, ಮುಂದಿನ ಪಂದ್ಯಕ್ಕೆ ಟಿಕೆಟ್‌ಗಳೆಲ್ಲ ಮುಗಿದುಹೋದದ್ದನ್ನು ನಾನು ಗೋಲುಗಳಷ್ಟೇ ದೊಡ್ಡದೆಂದು ಎಣಿಸುತ್ತೇನೆ.

ಲೆಕ್ಕದ ಪುಸ್ತಕ:

ಚೆಟ್ರಿಯವರ ಅರ್ಹತೆಯನ್ನು ನಾನು ಪ್ರಶ್ನಿಸುವುದಿಲ್ಲ. ಕಾಯುವ ಅವಧಿಯ ಬಗ್ಗೆ ಮಾತ್ರ ಒಂದು ಸೂಚನೆ. ಅಮೆರಿಕದ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ಆಟ ಬಿಟ್ಟು ಐದು ವರ್ಷ ಕಳೆದ ನಂತರವೇ ಹೆಸರನ್ನು ಪರಿಗಣಿಸುತ್ತಾರೆ, ಹಿಂದಿನ ಕಾಲದಲ್ಲಿ ಕೈತಪ್ಪಿದವರಿಗಾಗಿ ಪ್ರತ್ಯೇಕ ಸಮಿತಿಗಳಿವೆ. ಎರಡನೆಯ ಏರ್ಪಾಡು ನಮಗೆ ತೀರ ಅಗತ್ಯ. ಬರೀ ಜನಮತ ಕೇಳಿದರೆ ಟಿವಿಯಲ್ಲಿ ಕಂಡವರೇ ಹತ್ತೂ ಸ್ಥಾನ ತುಂಬುತ್ತಾರೆ. ವಿಜಯನ್ ವಿಷಯದಲ್ಲಿ ಕಾಸರಗೋಡಿನವರು ಕೊಟ್ಟ ಉತ್ತರ ನನ್ನನ್ನು ಅರ್ಧ ಮಾತ್ರ ಒಪ್ಪಿಸಿದೆ; ನಯೀಮುದ್ದೀನ್ ಪರ ನನ್ನ ಮತ ಹಾಗೆಯೇ ಇರಲಿ.

ಹಲಸೂರಿನ ಪ್ರೇಕ್ಷಕ:

ಎಲ್ಲರ ಮಾತನ್ನೂ ಓದಿ ಪಟ್ಟಿಯನ್ನು ತಿದ್ದಿದ್ದೇನೆ. ರಾಮನ್ ಅವರ ಸ್ಥಾನಕ್ಕೆ ಬಲರಾಮ್ ಬರುತ್ತಾರೆ. ಇದು ನನಗೆ ಸುಲಭವಾಗಿರಲಿಲ್ಲ. 1948ರ ಜುಲೈ 31ರಂದು ಲಂಡನ್ನಿನ ಇಲ್ಫರ್ಡ್‌ನಲ್ಲಿ, ಬಹುಮಟ್ಟಿಗೆ ಬರಿಗಾಲಿನ ತಂಡವೊಂದಕ್ಕಾಗಿ ನಮ್ಮೂರಿನವರೊಬ್ಬರು ಹೊಡೆದ ಗೋಲನ್ನು ಬಾಲ್ಯದಿಂದ ಕೇಳಿ ಬೆಳೆದವನು ನಾನು. ಅಂದಿನ ತಂಡದಲ್ಲಿ ರಾಮನ್, ಅಹ್ಮದ್ ಖಾನ್ ಅವರಲ್ಲದೆ ಗೋಲ್‌ಕೀಪರ್ ವರದರಾಜ್ ಮತ್ತು ಧನರಾಜ್ ಅವರೂ ಬೆಂಗಳೂರಿನವರೇ ಆಗಿದ್ದರು. ಆದರೆ ನೀಲಿ ಗ್ಯಾಲರಿಯವರು ಕೇಳಿದ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸುವುದಾದರೆ, ಅಹ್ಮದ್ ಖಾನ್ ಹೆಸರನ್ನು ಬರೆಸಿದ್ದು ಅವರ ಆಟ, ರಾಮನ್ ಹೆಸರನ್ನು ಬರೆಸಿದ್ದು ನನ್ನ ಅಭಿಮಾನ.

ಬೆಂಬೆಂ ದೇವಿಯವರು ಬರುತ್ತಾರೆ, ಮನ್ನಾ ಹೋಗುತ್ತಾರೆ. ನಾಯಕರಾಗಿ ಅವರು ದೊಡ್ಡವರೆಂಬುದನ್ನು ಒಪ್ಪುತ್ತೇನೆ, ಆದರೆ ಇಪ್ಪತ್ತೊಂದು ವರ್ಷ ಇಡೀ ತಂಡದ ಆಟವನ್ನು ಹೊತ್ತವರ ಮುಂದೆ ನನಗೆ ಬೇರೆ ದಾರಿ ಕಾಣಲಿಲ್ಲ. ವಿಜಯನ್ ಉಳಿಯುತ್ತಾರೆ. ರಹೀಮ್ ಅವರ ಹೆಸರನ್ನು ಹತ್ತರ ಮೇಲೆ, ತರಬೇತುದಾರರೆಂದು, ಒಂಟಿಯಾಗಿ ಬರೆದಿದ್ದೇನೆ. ನೆವಿಲ್ ಡಿಸೋಜಾ ಮತ್ತು ಮೇವಾಲಾಲ್ ಅವರ ವಿಷಯದಲ್ಲಿ ನನಗೆ ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಸ್ಥಾನ ಕೊಡಬೇಕೆಂದರೆ ತಂಗರಾಜ್ ಅವರನ್ನು ಮುಟ್ಟಬೇಕಾಗುತ್ತದೆ, ಗೋಲ್‌ಕೀಪರ್ ಇಲ್ಲದ ಪಟ್ಟಿಯನ್ನು ಮಾಡಲು ನನ್ನಿಂದಾಗದು.

ಕೋಲ್ಕತ್ತದ ಕನ್ನಡಿಗ:

ಮನ್ನಾ ಕುರಿತ ನನ್ನ ಆಕ್ಷೇಪವನ್ನು ದಾಖಲಿಸಿಕೊಳ್ಳಿ, ಪಟ್ಟಿ ಹಾಗೆಯೇ ಇರಲಿ. ಈ ಭಾನುವಾರ ನನ್ನ ನೆರೆಯವರ ಮನೆಗೆ ಹೋಗಿ ಅಹ್ಮದ್ ಖಾನ್ ಆಡಿದ್ದನ್ನು ಅವರು ನೋಡಿದ ಪಂದ್ಯಗಳು ಯಾವುವು, ಯಾವ ವರ್ಷ, ಯಾರ ಎದುರು, ಯಾವ ಪಾಸ್ ನೆನಪಿದೆ ಎಂಬುದನ್ನೆಲ್ಲ ಕೇಳಿ ಬರೆದುಕೊಂಡು ಬರುತ್ತೇನೆ. ಅವರಿಗೆ ಈಗ ಎಂಬತ್ತೆಂಟು.